ರಾತ್ರಿಪಾಳಿಯವರ ನಿದ್ದೆ

ಗುರುಗ್ರಾಮ, ನೋಯ್ಡಾಗಳಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿಯುವ ನಮ್ಮ ಹುಡುಗರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಸರ್, ನಿದ್ದೆಗೆ ಆಯುರ್ವೇದದ ಮಾತ್ರೆ ಏನಾದ್ರೂ ಇದೆಯಾ?" ಮಾತ್ರೆ ಆಮೇಲೆ, ಮೊದಲು ಊಟದ ಹೊತ್ತು ನೋಡ್ಕೊಳ್ಳಿ ಅನ್ನುತ್ತೇನೆ.

ವಾಗ್ಭಟನ ಅಷ್ಟಾಂಗಹೃದಯ ರಾತ್ರಿ ಎಚ್ಚರವಿದ್ದವರನ್ನು ಮರೆತಿಲ್ಲ. ಅಭ್ಯಾಸವಿಲ್ಲದೆ ಜಾಗರಣೆ ಮಾಡಿದವರು ಅದರ ಅರ್ಧದಷ್ಟು ಹೊತ್ತು ಬೆಳಿಗ್ಗೆ ಮಲಗಬೇಕು, ಅದೂ ಏನೂ ತಿನ್ನದೆ. ನಮ್ಮವರದು ತದ್ವಿರುದ್ಧ. ಕ್ಯಾಬ್ ಇಳಿದು, ಬೆಣ್ಣೆ ಸುರಿದ ಎರಡು ಆಲೂ ಪರಾಠ ತಿಂದು, ಮೊಬೈಲ್ ಹಿಡಿದು ಹಾಸಿಗೆಗೆ! ಹೊಟ್ಟೆ ಎಚ್ಚರವಿದ್ದರೆ ಕಣ್ಣು ಮುಚ್ಚೀತೇ? ಆದರೆ ದಿನವೂ ರಾತ್ರಿಪಾಳಿ ಮಾಡುವವರಿಗೆ ಈ ಅರ್ಧದ ಲೆಕ್ಕ ಸಾಲದು, ಏಳು ಗಂಟೆ ನಿದ್ದೆ ಬೇಕೇ ಬೇಕು.

ಚರಕ ಹೇಳುವ ಉಪಾಯಗಳಲ್ಲಿ ಎಣ್ಣೆಸ್ನಾನವೂ ಇದೆ, ಎಮ್ಮೆ ಹಾಲೂ ಇದೆ. ದೆಹಲಿಯಲ್ಲಿ ಎಮ್ಮೆ ಹಾಲಿಗೇನು ಬರ! ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ. (ಇಲ್ಲಿಯವರ ಸಾಸಿವೆ ಎಣ್ಣೆಯ ಘಾಟು ನನಗಂತೂ ಒಗ್ಗಲಿಲ್ಲ.) ಜೂನ್‌ನಲ್ಲಿ ಐದೂವರೆಗೇ ಬಿಸಿಲು, ಕಿಟಕಿಗೆ ದಪ್ಪ ಪರದೆ ಇರಲಿ.

ಥೈರಾಯ್ಡ್ ಮಾತ್ರೆ ನುಂಗುವವರು ಅಶ್ವಗಂಧವನ್ನು ತಾವಾಗಿ ಶುರುಮಾಡಬೇಡಿ. ಗೊರಕೆಯ ನಡುವೆ ಉಸಿರು ಕಟ್ಟುವವರು ಎಣ್ಣೆ, ಹಾಲು ನಂಬಿ ಕೂರದೆ ಆಸ್ಪತ್ರೆಗೆ ಹೋಗಿ. ಆಯುರ್ವೇದವೇ ಬೇಕೆಂದರೆ ಸರಿತಾ ವಿಹಾರದಲ್ಲಿ, 2017ರಲ್ಲಿ ಉದ್ಘಾಟನೆಯಾದ ಅಖಿಲ ಭಾರತ ಆಯುರ್ವೇದ ಸಂಸ್ಥಾನವಿದೆ, ಮೆಟ್ರೋದಲ್ಲೇ ಹೋಗಿಬರಬಹುದು.