ಬೆಳ್ಳಿಗೂ ತೆರೆಯಲಿ ಬ್ಯಾಂಕಿನ ಬಾಗಿಲು

ಹೈದರಾಬಾದ್ ನಿಜಾಮರ ಚಾರ್‌ಮಿನಾರ್ ಚಿತ್ರದ ‘ಹಾಲಿ ಸಿಕ್ಕಾ’ ರೂಪಾಯಿಯಲ್ಲಿ, ಎರಡನೇ ಮಹಾಯುದ್ಧಕ್ಕೆ ಮುನ್ನ, ಶೇ. 81.8ರಷ್ಟು ಬೆಳ್ಳಿಯಿತ್ತು. ಗದ್ವಾಲ, ನಾರಾಯಣಪೇಟೆಗಳ ಹೆಸರಲ್ಲೂ ನಾಣ್ಯಗಳಿದ್ದವು. ಇಂದು ಜಗತ್ತಿನ ಬೆಳ್ಳಿ ಬೇಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೌರಫಲಕ, ವಿದ್ಯುತ್ ಉಪಕರಣಗಳಂಥ ಕೈಗಾರಿಕೆಗಳದ್ದು. ಆದರೂ ಮಳೆ ಕೈಕೊಟ್ಟ ವರ್ಷ ಗದ್ವಾಲ ಸೀಮೆಯ ಐಜದ ರೈತ ಮಹಿಳೆಗೆ ಬೆಳ್ಳಿಯ ಕಾಲ್ಗಡಗವೇ ನಗದು. ಗಿರವಿ ಅಂಗಡಿಯ ತಕ್ಕಡಿಗೆ ಅದು ಬಿದ್ದೊಡನೆ ಬೆಸುಗೆ, ಸವಕಲು ಎಂದು ತೂಕ ಕಳೆಯುತ್ತಾರೆ. ಉಳಿದದ್ದಕ್ಕೆ ಕೊಟ್ಟ ಸಾಲದ ಮೇಲೆ ಬಡ್ಡಿ ಬೆಳೆಯುತ್ತದೆ.

ಬೆಳ್ಳಿ ಒಡವೆಯನ್ನು 10 ಕಿಲೋವರೆಗೆ ಅಡವಿಟ್ಟು ಸಾಲ ಪಡೆಯಲು ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ರೂಪಿಸಿದೆ. ಶುದ್ಧತೆಯನ್ನು ಸಾಲಗಾರರ ಎದುರೇ ಪರೀಕ್ಷಿಸಬೇಕೆಂಬ ಮಾತೂ ಅದರಲ್ಲಿದೆ. ನಮ್ಮ ಬ್ಯಾಂಕುಗಳು ಬಂಗಾರಕ್ಕೆ ತೋರುವ ಶ್ರದ್ಧೆಯನ್ನು ಈ ಕಡಗಕ್ಕೂ ತೋರಲಿ. ತೂಕ, ಶುದ್ಧತೆ, ಬೆಲೆಯ ಚೀಟಿ ಆ ರೈತ ಮಹಿಳೆಯ ಕೈಗೆ ಬರಲಿ.