ಬದಲಾವಣೆಗೆ ಮುನ್ನ ತಂಡದ ಲೆಕ್ಕ ತಿಳಿಯೋಣ

ದುಡಿಯುವ ತಂಡವೊಂದಕ್ಕೆ ಹೊಸ ಕ್ರಮ ಕಲಿಸಲು ಹೊರಟವರು ಬಹುಬೇಗ ಒಂದು ತೀರ್ಪು ನೀಡಿಬಿಡುತ್ತಾರೆ: ‘ಇವರು ಹಳೆಯದಕ್ಕೆ ಅಂಟಿಕೊಂಡವರು, ಹೇಳಿದರೆ ಕೇಳುವವರಲ್ಲ.’ ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಕುಬಟೂರಿನ ಭತ್ತದ ಗದ್ದೆಯಾಗಲಿ, ಮಾತು ಒಂದೇ. ಇದು ನ್ಯಾಯವಾದ ತೀರ್ಪೇ? ಗದ್ದೆಯ ನಿದರ್ಶನದಿಂದಲೇ ವಿಚಾರಿಸೋಣ.

ಭತ್ತದ ‘ಶ್ರೀ’ ಪದ್ಧತಿಯಲ್ಲಿ 8ರಿಂದ 12 ದಿನಗಳ ಎಳೆಯ ಸಸಿಯನ್ನು ಒಂದೊಂದಾಗಿ, 25 ಸೆಂಟಿಮೀಟರ್ ಅಂತರದಲ್ಲಿ, ಚೌಕದ ಗುರುತು ಹಿಡಿದು ನೆಡಬೇಕು. ಎಕರೆಗೆ ಸುಮಾರು 2 ಕಿಲೋ ಬೀಜ ಸಾಕು. ನೀರಿನ ಉಳಿತಾಯವೂ ಉಂಟು. ಹೀಗಿದ್ದೂ ನಾಟಿಯ ಹೆಣ್ಣಾಳುಗಳು ಹಿಂಜರಿದರೆ ಅದಕ್ಕೆ ಕಾರಣವೇನು?

ನಾಟಿಯ ತಂಡಕ್ಕೆ ಬರೆಯದ ನಿಯಮಗಳಿವೆ. ಮಾತನಾಡುತ್ತ ಎಲ್ಲರೂ ಒಂದೇ ಸಾಲಿನಲ್ಲಿ ಹಿಂದೆ ಸರಿಯುತ್ತಾರೆ. ವಯಸ್ಸಾದವಳ ಕೈ ನಿಧಾನವಾದರೆ ಪಕ್ಕದವಳು ಅವಳ ಪಾಲನ್ನೂ ನೆಟ್ಟು ಸಾಲು ಸರಿದೂಗಿಸುತ್ತಾಳೆ. ಮುಯ್ಯಾಳಿನ ಋಣವೂ ಇದರಲ್ಲಿ ಸೇರಿದೆ: ಇಂದು ನಿನ್ನ ಗದ್ದೆ, ನಾಳೆ ನನ್ನದು. ಎಕರೆಗಿಷ್ಟೆಂದು ಗುತ್ತಿಗೆ ಹಿಡಿದ ತಂಡಕ್ಕಂತೂ ಹಗ್ಗದ ಗುರುತು ನೋಡಿ ನೆಡುವುದೆಂದರೆ ಅದೇ ಕೂಲಿಗೆ ಹೆಚ್ಚು ಹೊತ್ತು ಬಗ್ಗಿ ನಿಲ್ಲುವುದು. ಎಳೆಯ ಸಸಿ ಸತ್ತರೆ ದೂರು ಅವರ ಮೇಲೆ. ಇಳುವರಿ ಹೆಚ್ಚಿದರೆ ಲಾಭ ಗದ್ದೆಯ ಒಡೆಯನಿಗೆ. ಕಳೆ ತೆಗೆಯಲು ಯಂತ್ರ ಬಂದರೆ ಅವರ ಕೆಲವು ದಿನಗಳ ಕೂಲಿಯೂ ಹೋದೀತು. ಇದು ಮೊಂಡುತನವಲ್ಲ, ಲೆಕ್ಕಾಚಾರ.

ರೂಢಿಗೆ ಕಾನೂನಿನಷ್ಟೇ ಬಲವುಂಟೆಂಬುದನ್ನು ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಕಂಡಿದ್ದರು. ಕಾನೂನನ್ನು ಬದಲಿಸುವುದರಿಂದಲೇ ಒಂದಿಷ್ಟು ಹಾನಿಯಿದೆ, ಏಕೆಂದರೆ ಜನರು ಅದನ್ನು ಪಾಲಿಸುವುದು ರೂಢಿಯ ಬಲದಿಂದ; ಆ ಹಾನಿಯನ್ನು ತುಂಬಿಕೊಡುವಷ್ಟು ಹಿತವಿದ್ದಾಗ ಮಾತ್ರ ಬದಲಿಸಬೇಕು ಎಂಬುದು ಅವರ ವಾದ. ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಹಾನಿ ಯಾರದು, ಹಿತ ಯಾರದು?

ಈ ಪದ್ಧತಿಯನ್ನು ರೂಪಿಸಿದವರು ಹೆನ್ರಿ ದ ಲೊಲಾನಿಯೆ ಎಂಬ ಫ್ರಾನ್ಸಿನ ಯೇಸುಸಭೆಯ ಗುರುಗಳು. 1961ರಲ್ಲಿ ಮಡಗಾಸ್ಕರಿಗೆ ಹೋದ ಅವರು ಅಲ್ಲಿನ ರೈತರ ಗದ್ದೆಗಳನ್ನು ವರ್ಷಗಟ್ಟಲೆ ಗಮನಿಸಿದರು. ಒಂಟಿ ಸಸಿ ನೆಡುವುದನ್ನು ಅವರು ಕಂಡದ್ದೇ ಕೆಲವು ರೈತರಲ್ಲಿ. ಎಳೆಯ ಸಸಿಯ ಗುಣ ಅವರಿಗೆ ಗೊತ್ತಾದದ್ದು 1983ರ ಹಂಗಾಮಿನಲ್ಲಿ, ಅಂದರೆ 22 ವರ್ಷಗಳ ನಂತರ. 1990ರಲ್ಲಿ ಅಲ್ಲಿನ ಗೆಳೆಯರೊಡನೆ ಕಟ್ಟಿದ ಸಂಸ್ಥೆಗೆ ‘ತೆಫಿ ಸಾಯ್ನಾ’ ಎಂದು ಹೆಸರಿಟ್ಟರು; ಮನಸ್ಸನ್ನು ಹದಗೊಳಿಸುವುದು ಎಂಬುದು ಅದರ ಭಾವ.

ಆದುದರಿಂದ ಬದಲಾವಣೆ ಬಯಸುವ ಒಡೆಯನು ಮೊದಲು ತಂಡದ ಹಿರಿಯಳೊಡನೆ ಕುಳಿತು ಮಾತನಾಡಲಿ. ಗದ್ದೆಯ ಒಂದು ಮೂಲೆಯಲ್ಲಿ ಮಾತ್ರ ಪ್ರಯೋಗ ಮಾಡಲಿ. ಆ ವರ್ಷ ಗುತ್ತಿಗೆಯ ಬದಲು ದಿನಗೂಲಿ ಕೊಡಲಿ. ಸಸಿ ಸತ್ತರೆ ನಷ್ಟ ತನ್ನದೆಂದು ನಾಟಿಗೆ ಮುಂಚೆಯೇ ಹೇಳಲಿ. ಇಳುವರಿ ಹೆಚ್ಚಿದರೆ ಕೂಲಿಯನ್ನೂ ಹೆಚ್ಚಿಸಲಿ. ಕಚೇರಿಯ ಅಧಿಕಾರಿಗೂ ಶಾಲೆಯ ಮುಖ್ಯೋಪಾಧ್ಯಾಯರಿಗೂ ಅನ್ವಯಿಸುವ ನೀತಿ ಇದೇ. ಹೊಸತನದ ಅಪಾಯವನ್ನು ಬಡವರ ಬೆನ್ನಿಗೆ ಹೇರಿ, ಅವರು ಹಿಂಜರಿದಾಗ ಅಜ್ಞಾನಿಗಳೆಂದು ಜರೆಯುವುದು ಯಾರಿಗೂ ಶೋಭಿಸದು.