ಭಿಕ್ಷೆ ಅಲ್ಲ, ಬಾಕಿ



ನಮ್ಮ ಕಡೆ ಕೂಲಿಯವನ ಕೈ ಮಿಲ್ಲಿನ ಬೆಲ್ಟಿಗೆ ಸಿಕ್ಕಿದರೆ, ಜೀವ ಹೋದರೆ, ಅದಕ್ಕೆ ಮೂರೇ ಮಾತು. ಒಂದು, ‘ಹಣೇಬರ’. ಎರಡು, ‘ಕುಡಿದಿದ್ದ ಕಣ್ರೀ’. ಮೂರು, ‘ತಗಳಮ್ಮ, ಮಣ್ಣಿನ ಖರ್ಚಿಗೆ ಇಟ್ಕೊ’. ಮೊದಲನೆಯದನ್ನು ಊರು ಹೇಳುತ್ತದೆ. ಎರಡನೆಯದನ್ನು ಗುಮಾಸ್ತ ಹೇಳುತ್ತಾನೆ. ಮೂರನೆಯದನ್ನು ಸಾವ್ಕಾರನೇ ಖುದ್ದು ಬಂದು ಹೇಳುತ್ತಾನೆ. ಹೇಳಿ, ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಆ ಕಾಗದದಲ್ಲಿ ಏನಿತ್ತು ಅಂತ ಆ ಮನೆಯಲ್ಲಿ ಯಾರೂ ಓದಿರುವುದಿಲ್ಲ. ಓದಬಲ್ಲ ಮಗ ಹಾಸ್ಟೆಲಿನಲ್ಲಿರುತ್ತಾನೆ.

ಆ ಮಗ ನೀವು. ಅದಕ್ಕೇ ಇದನ್ನು ನಿಮಗೇ ಬರೆಯುತ್ತಿದ್ದೇನೆ.

ಚಳ್ಳಕೆರೆ ಎಣ್ಣೆಯ ಊರು, ಎರಡನೇ ಬೊಂಬಾಯಿ ಅನ್ನೋ ಹೊಗಳಿಕೆ ಕೇಳಿಯೇ ನಾವೆಲ್ಲ ಬೆಳೆದಿದ್ದೀವಿ. 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದಿಗೆ ಸರ್ಕಾರ ಬಾಗಿಲು ತೆಗೆದ ಮೇಲೆ ಇಲ್ಲಿನ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. ಉಳಿದವು ಇನ್ನೂ ತಿರುಗುತ್ತಿವೆ. ಶೇಂಗಾ ಸುಲಿಯೋ ಯಂತ್ರ, ಎಣ್ಣೆ ಹಿಂಡೋ ಯಂತ್ರ, ಹಿಂಡಿ ಚೀಲ, ಹಮಾಲಿಯ ಬೆನ್ನು. ಮೊಳಕಾಲ್ಮೂರಿಗೆ ಹೋದರೆ ರೇಷ್ಮೆ ಸೀರೆಯ ಮಗ್ಗ. ಮಳೆ ಕೈಕೊಟ್ಟ ವರ್ಷ ಎರಡೂ ತಾಲ್ಲೂಕಿನಲ್ಲಿ ಬೋರ್‌ವೆಲ್ ಲಾರಿಯ ಗದ್ದಲ. ಈ ಯಂತ್ರಗಳ ಮುಂದೆ ನಿಂತವರು ಯಾರು ಅಂತ ನಾನು ಹೇಳಬೇಕಿಲ್ಲ. ನಿಮ್ಮ ನಿಮ್ಮ ಕೇರಿಗೆ ಹೋಗಿ ಬೆರಳು ಎಣಿಸಿರಿ. ಎಣಿಸುವಾಗ ಯಾರ ಕೈಲಿ ಎಷ್ಟು ಬೆರಳಿವೆ ಅಂತಲೂ ನೋಡಿರಿ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ನಮ್ಮ ಸೀಮೆಯಲ್ಲಿ ಒಂದು ಮಾತು ಓಡಾಡುತ್ತದೆ: ಮಾಡಿದಷ್ಟು ನೀಡು ಭಿಕ್ಷೆ. ಈ ಮಾತನ್ನು ಗೋಡೆಗೆ ಹಾಕಿಕೊಂಡ ಸಾವ್ಕಾರ ಕೊನೆಯ ಪದವನ್ನಷ್ಟೇ ಓದುತ್ತಾನೆ. ‘ಮಾಡಿದಷ್ಟು’ ಅನ್ನೋದನ್ನು ಬಿಟ್ಟುಬಿಡುತ್ತಾನೆ. ನಮ್ಮ ಜಗಳ ಇರುವುದೇ ಆ ಬಿಟ್ಟ ಪದದ ಬಗ್ಗೆ. ಕೆಲಸದಲ್ಲಿ ಕೈ ಹೋದವನಿಗೆ ಸಿಗಬೇಕಾದದ್ದು ಭಿಕ್ಷೆ ಅಲ್ಲ, ಬಾಕಿ. ದುಡಿದ ಕೂಲಿಯಷ್ಟೇ ಗಟ್ಟಿಯಾದ ಬಾಕಿ.

ಇದು ಇವತ್ತಿನ ಕಾನೂನಲ್ಲ. 1923ರಲ್ಲಿ, ಬ್ರಿಟಿಷರ ಕಾಲದಲ್ಲೇ ಕಾರ್ಮಿಕರ ಪರಿಹಾರ ಕಾಯಿದೆ ಆಯಿತು. 1924ರ ಜುಲೈ 1ರಿಂದ ಜಾರಿಗೆ ಬಂತು. ನೂರು ವರ್ಷ ದಾಟಿತು, ನಮ್ಮ ಕೇರಿಗಿನ್ನೂ ಬಂದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಗಿ ಆ ಹಳೇ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅಂಗಿ ಬದಲಾಯಿತು, ಎಲುಬು ಅದೇ.

ಆ ಎಲುಬು ಏನು? ತಪ್ಪು ಯಾರದು ಅಂತ ಕಾನೂನು ಮೊದಲು ಕೇಳುವುದಿಲ್ಲ. ಕೆಲಸದಿಂದ, ಕೆಲಸದ ವೇಳೆಯಲ್ಲಿ ಅಪಘಾತ ಆಯಿತೇ? ಹಾಗಾದರೆ ಕೆಲಸ ಕೊಟ್ಟವನು ಕಟ್ಟಬೇಕು. ಯಂತ್ರ ಇಟ್ಟು ಲಾಭ ತಗೊಂಡವನೇ ಅದರ ಅಪಾಯವನ್ನೂ ತಗೋಬೇಕು ಅನ್ನೋ ನ್ಯಾಯ. ‘ಅವನು ನಮ್ಮ ಖಾಯಂ ಆಳಲ್ಲ, ಬಂದು ಹೋಗೋನು’ ಅನ್ನೋ ನೆಪಕ್ಕೆ 2000ದ ತಿದ್ದುಪಡಿಯೇ ಬೀಗ ಹಾಕಿತು. ‘ಅವನು ಮೇಸ್ತ್ರಿಯ ಆಳು’ ಅನ್ನೋ ನೆಪವೂ ನಡೆಯದು. ಮೇಸ್ತ್ರಿಯ ಆಳಿಗೂ ಮೂಲ ಧಣಿಯೇ ಮೊದಲು ಕೊಡಬೇಕು, ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಲಿ. ‘ಕುಡಿದಿದ್ದ’ ಅನ್ನೋ ಮಾತು ಸಣ್ಣಪುಟ್ಟ ಗಾಯಕ್ಕೆ ನಡೆದೀತು. ಸತ್ತವನ ವಿಷಯದಲ್ಲಿ, ಪೂರ್ತಿ ಅಶಕ್ತನಾದವನ ವಿಷಯದಲ್ಲಿ ನಡೆಯುವುದಿಲ್ಲ. ಗುಮಾಸ್ತನಿಗೆ ಇದು ಗೊತ್ತಿದೆ. ನಿಮ್ಮವ್ವನಿಗೆ ಗೊತ್ತಿಲ್ಲ ಅನ್ನೋದೂ ಅವನಿಗೆ ಗೊತ್ತಿದೆ.

ನಾನು ಬಿ.ಎ. ಓದಿದವನು, ಪದ್ಯ ಬರೆಯುವವನು. ಆದರೆ ಈಗ ಪದ್ಯಕ್ಕಿಂತ ಲೆಕ್ಕ ಮುಖ್ಯ. ಬಂದು ನೋಡಿರಿ. ತಿಂಗಳಿಗೆ 12,000 ರೂಪಾಯಿ ಕೂಲಿಯ ಮೂವತ್ತು ವರ್ಷದವನು ಕೆಲಸದಲ್ಲಿ ಸತ್ತರೆ, ಕೂಲಿಯ ಅರ್ಧ 6,000. ಅದನ್ನು ಅವನ ವಯಸ್ಸಿಗೆ ಕಾನೂನು ಇಟ್ಟಿರುವ 207.98ರಿಂದ ಗುಣಿಸಿ. 12,47,880 ರೂಪಾಯಿ. ಪೂರ್ತಿ ಅಶಕ್ತನಾದರೆ ಅರ್ಧದ ಬದಲು ನೂರಕ್ಕೆ 60. ಒಂದೊಂದು ಅಂಗ ಹೋದರೆ ಅದಕ್ಕೆ ಪಟ್ಟಿ ಇದೆ: ಒಂದು ಕೈಯ ನಾಲ್ಕು ಬೆರಳಿಗೆ ನೂರಕ್ಕೆ 50, ಹೆಬ್ಬೆರಳಿಗೆ 30.

ಏಕಲವ್ಯನ ಹೆಬ್ಬೆರಳಿಗೆ ಬೆಲೆ ಕಟ್ಟಿದವರಿಲ್ಲ, ಅದನ್ನು ಗುರುದಕ್ಷಿಣೆ ಅಂದರು. ಕಾನೂನು ಬೆಲೆ ಕಟ್ಟಿದೆ. ತಿಂಗಳಿಗೆ 10,000 ದುಡಿಯುವ ಇಪ್ಪತ್ತೈದರ ಹುಡುಗನ ಹೆಬ್ಬೆರಳಿಗೆ 3,90,438 ರೂಪಾಯಿ. ಇದೂ ಕಡಿಮೆಯೇ. ಆದರೆ ಐದು ಸಾವಿರ ಕೈಗಿಟ್ಟು, ಉಳಿದ ಬೆರಳಿನ ಗುರುತು ಒತ್ತಿಸಿಕೊಂಡು ಹೋಗುವ ಜನರ ನಡುವೆ ಈ ಅಂಕಿ ಬಾಯಿಪಾಠ ಇರಬೇಕು. ಅಂಗದ ಪಟ್ಟಿಯೂ ಕೊನೆ ಮಾತಲ್ಲ. ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ಹೇಳಿತು: ಒಂಟಿ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಇವನು ಪೂರ್ತಿ ಅಶಕ್ತ, ಪರಿಹಾರ ಕೊಡುವ ಹೊಣೆ ಅಪಘಾತ ಆದ ದಿನದಿಂದಲೇ ಶುರು.

ಈಗ ಧಣಿಯ ಕಡೆ ಬರೋಣ. ‘ಇಷ್ಟು ದುಡ್ಡು ನಾನೆಲ್ಲಿಂದ ತರ್ಲಿ? ಮಿಲ್ಲೇ ಮಾರ್ಬೇಕಾಗ್ತೈತೆ’ ಅಂತಾನೆ. ಸಣ್ಣ ಮಿಲ್ಲಿನವನ ಮಟ್ಟಿಗೆ ಇದು ಸುಳ್ಳಲ್ಲ. ಆದರೆ ಇದಕ್ಕೆಂದೇ ವಿಮೆ ಇದೆ. ಜನ ಡಬ್ಲ್ಯು.ಸಿ. ಪಾಲಿಸಿ ಅನ್ನುತ್ತಾರೆ. ಎಷ್ಟು ಆಳು, ವರ್ಷಕ್ಕೆ ಎಷ್ಟು ಕೂಲಿ, ಎಂಥ ಕೆಲಸ ಅಂತ ಬರೆದುಕೊಟ್ಟು ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ಆ ದೊಡ್ಡ ಮೊತ್ತ ವಿಮಾ ಕಂಪನಿಯ ತಲೆಗೆ. ಲಾರಿಗೆ ವಿಮೆ ಮಾಡಿಸುತ್ತಾನೆ. ಗೋಡೌನಿನ ಶೇಂಗಾಕ್ಕೆ ಬೆಂಕಿ ವಿಮೆ ಮಾಡಿಸುತ್ತಾನೆ. ಶೇಂಗಾ ಹೊತ್ತವನಿಗೆ ಮಾತ್ರ ಇಲ್ಲ. ಚೀಲ ಸುಟ್ಟರೆ ನಷ್ಟ, ಆಳು ಸತ್ತರೆ ಹಣೇಬರ.

ವಿಮೆ ಮಾಡಿಸಿದವರಲ್ಲೂ ಒಂದು ಜಾಣತನ ಇದೆ. ಮಿಲ್ಲಿನಲ್ಲಿ ಹತ್ತು ಜನ, ಕಾಗದದಲ್ಲಿ ಮೂರು ಜನ. ಕೊಡೋ ಕೂಲಿ ಹನ್ನೆರಡು ಸಾವಿರ, ಬರೆದಿದ್ದು ಆರು. ಕಂತು ಕಡಿಮೆಯಾಯಿತು ಅಂತ ಖುಷಿ. ಅಪಘಾತ ಆದ ದಿನ ವಿಮಾ ಕಂಪನಿ ‘ಈ ಹೆಸರು ನಮ್ಮ ಪಟ್ಟಿಯಲ್ಲಿಲ್ಲ’ ಅನ್ನುತ್ತದೆ. ಆದರೆ ಧಣಿಯ ಹೊಣೆ ಹೋಗುವುದಿಲ್ಲ. ಪಾಲಿಸಿ ಅನ್ನೋದು ಧಣಿಗೂ ಕಂಪನಿಗೂ ಇರೋ ಒಪ್ಪಂದ. ಕೆಲಸಗಾರನ ಹಕ್ಕು ಅದಕ್ಕಿಂತ ಮೊದಲು ಹುಟ್ಟಿದ್ದು.

ಇನ್ನು ಕೆಲವರು, ‘ಅವನಿಗೆ ಬ್ಯಾಂಕಿನ ಇಪ್ಪತ್ತು ರೂಪಾಯಿ ವಿಮೆ ಐತಲ್ಲ’ ಅಂತಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಆ 2 ಲಕ್ಷ ಕೂಲಿಯವನು ತನ್ನ ದುಡ್ಡು ಕಟ್ಟಿ ಪಡೆಯೋದು. ಅದು ಧಣಿಯ ಸಾಲ ತೀರಿಸುವುದಿಲ್ಲ.

ಬಾಬಾಸಾಹೇಬರನ್ನು ನಾವು ಸಂವಿಧಾನದ ಜೊತೆಗಷ್ಟೇ ಸೇರಿಸಿ ನೋಡುತ್ತೇವೆ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಕಾರ್ಮಿಕರ ಆರೋಗ್ಯ ವಿಮೆಗೆ ಯೋಜನೆ ಮಾಡಲು 1943ರಲ್ಲಿ ಬಿ.ಪಿ. ಅದಾರ್ಕರ್ ಅವರನ್ನು ನೇಮಿಸಿದ್ದು ಅವರ ಕಾಲದಲ್ಲೇ. ಆ ವರದಿಯ ಬೇರಿನಿಂದ 1948ರ ಇ.ಎಸ್.ಐ. ಕಾಯಿದೆ ಬಂತು. ಇ.ಎಸ್.ಐ. ಅನ್ವಯಿಸುವ ಕಡೆ, ಕಾರ್ಖಾನೆಯಲ್ಲಿ ಹತ್ತು ಜನ ಇದ್ದರೆ, ಧಣಿ ಕೂಲಿಯ ನೂರಕ್ಕೆ 3.25, ಕೆಲಸಗಾರ 0.75 ಕಟ್ಟಿ, ಪರಿಹಾರ ಅಲ್ಲಿಂದಲೇ ಬರುತ್ತದೆ. ಒಂಬತ್ತೇ ಜನ ಅಂತ ಬರೆಯೋ ಮಿಲ್ಲುಗಳು ಯಾಕೆ ಇರ್ತಾವೆ ಅಂತ ಈಗ ಅರ್ಥ ಆಯಿತಲ್ಲ.

ಇಲ್ಲಿಯವರೆಗೆ ಸಾವ್ಕಾರನನ್ನು ಬೈದದ್ದಾಯಿತು. ಅದು ಸುಲಭ. ಇನ್ನು ಕಷ್ಟದ ಮಾತು.

2017ರಿಂದ ರಾಜ್ಯದ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 17.15, ಪಂಗಡಕ್ಕೆ 6.95 ಗುತ್ತಿಗೆ ಮೀಸಲಾಯಿತು. ಮೊದಲು 50 ಲಕ್ಷದ ಕೆಲಸದವರೆಗೆ, 2023ರಲ್ಲಿ 1 ಕೋಟಿವರೆಗೆ. ನಮ್ಮ ಅಣ್ಣಂದಿರು ಗುತ್ತಿಗೆದಾರರಾಗುತ್ತಿದ್ದಾರೆ. ನಾಳೆ ನಿಮ್ಮಲ್ಲೂ ಕೆಲವರು ಆಗುತ್ತೀರಿ. ಚರಂಡಿ, ಸಿ.ಸಿ. ರಸ್ತೆ, ಶಾಲೆಯ ಕೋಣೆ. ಆ ಕೆಲಸಕ್ಕೆ ಬರುವವರು ಯಾರು? ನಮ್ಮದೇ ಚಿಕ್ಕಪ್ಪ, ನಮ್ಮದೇ ಅತ್ತೆಯ ಮಗ. ಅವನು ಸಾರದಿಂದ ಬಿದ್ದ ದಿನ ನಾವು ಏನು ಹೇಳುತ್ತೇವೆ? ‘ನಮ್ಮೋನೇ ಅಲ್ಲವೇನಪ್ಪಾ, ಕೇಸು ಗೀಸು ಯಾಕೆ’ ಅಂತ ತಾನೇ? ಸಾವ್ಕಾರನ ಮೂರು ಮಾತಿಗೆ ನಾವು ಸೇರಿಸಿದ ನಾಲ್ಕನೇ ಮಾತು ಅದಾಗುತ್ತದೆ. ಜಾತಿಯವನು ಅನ್ನೋ ಪ್ರೀತಿ ಹೆಬ್ಬೆರಳನ್ನು ಮತ್ತೆ ಅಂಟಿಸುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಧಣಿಯಾಗುವವರು ಇಷ್ಟು ಮಾಡಲಿ.

1. ಕೆಲಸ ಶುರುವಾಗುವ ಮೊದಲೇ ಪಾಲಿಸಿ ಮಾಡಿಸಿ. ಅಪಘಾತ ಆದ ಮೇಲೆ ಯಾವ ಕಂಪನಿಯೂ ಕೊಡುವುದಿಲ್ಲ. ಅವಧಿ ಮುಗಿಯುವ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ.

2. ಇರುವ ಆಳನ್ನೆಲ್ಲ ಬರೆಯಿರಿ, ಕೊಡುವ ಕೂಲಿಯನ್ನೇ ಬರೆಯಿರಿ. ಮೇಸ್ತ್ರಿ ಕರೆತಂದವರನ್ನೂ ಸೇರಿಸಿ.

3. ಹಾಜರಿ ಪುಸ್ತಕ, ಕೂಲಿ ಪುಸ್ತಕ ದಿನಾ ಬರೆಯಿರಿ. ಅದು ನಿಮಗೂ ಸಾಕ್ಷಿ, ಅವನಿಗೂ ಸಾಕ್ಷಿ.

4. ಅಪಘಾತ ಆದ ದಿನವೇ ಕಂಪನಿಗೆ ತಿಳಿಸಿ. ಒಂದು ತಿಂಗಳೊಳಗೆ ಪರಿಹಾರ ಕಟ್ಟದಿದ್ದರೆ ನೂರಕ್ಕೆ 12 ಬಡ್ಡಿ. ಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ದಂಡ ಧಣಿಯ ಕಿಸೆಯಿಂದಲೇ, ವಿಮಾ ಕಂಪನಿ ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟು 1997ರಲ್ಲಿ ಹೇಳಿದೆ. ಬಡ್ಡಿಯನ್ನೂ ಪಾಲಿಸಿಯಲ್ಲಿ ಹೊರಗಿಟ್ಟಿರಬಹುದು. ಸಹಿ ಹಾಕುವ ಮೊದಲು ಓದಿ.

ಹಾಸ್ಟೆಲಿನಲ್ಲಿರುವವರು ಇಷ್ಟು ನೆನಪಿಡಿ. ಖಾಲಿ ಕಾಗದಕ್ಕೆ ಮನೆಯವರು ಹೆಬ್ಬೆಟ್ಟು ಒತ್ತದಂತೆ ಹೇಳಿ. ಒತ್ತಿದ್ದರೂ ಹೆದರಬೇಡಿ: ಹಕ್ಕು ಬಿಟ್ಟುಕೊಟ್ಟೆ ಅನ್ನೋ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಬಾಗಿಲಿಗೆ ಬಂದು ಕೊಟ್ಟ ನೋಟು ಅದಕ್ಕೆ ಸಮ ಅಲ್ಲ. ಅರ್ಜಿಗೆ ಎರಡು ವರ್ಷದ ಗಡುವು. ಆಸ್ಪತ್ರೆ ಚೀಟಿ, ಪೊಲೀಸು ದೂರಿನ ನಕಲು, ಜೊತೆಗೆ ಕೆಲಸ ಮಾಡಿದವರ ಹೆಸರು ಜೋಪಾನ. ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕೋರ್ಟಿನಲ್ಲೇ ಆ ಸಮಿತಿ ಇದೆ, ಹೋಗಿ ಕೇಳಿ.

ಒಂದು ದೊಡ್ಡ ತೂತು ಉಳಿದೇ ಇದೆ. ಮೊಳಕಾಲ್ಮೂರಿನಲ್ಲಿ ಸಾವ್ಕಾರನಿಂದ ನೂಲು ತಂದು ತನ್ನ ಮನೆಯಲ್ಲೇ ನೇಯುವವನಿಗೆ ಧಣಿ ಯಾರು? ನೂಲು ಸಾವ್ಕಾರನದು, ಸೀರೆ ಸಾವ್ಕಾರನದು, ಬೆನ್ನು ನೋವು ಮಾತ್ರ ನೇಯುವವನದು. ‘ನಾನು ಕೆಲಸ ಕೊಟ್ಟಿಲ್ಲ, ಸೀರೆ ಕೊಂಡುಕೊಂಡೆ’ ಅಂದರೆ ಮುಗೀತು. ಇಂಥವನನ್ನೂ ಪರಿಹಾರದ ಒಳಗೆ ತರಬೇಕು ಅಂತ ನಾವು ಕೇಳಬೇಕು. ನೂಲು ಕೊಟ್ಟವನೇ ಕಂತು ಕಟ್ಟಲಿ ಅಂತ ಕೇಳಬೇಕು.

ಈ ಸಲ ರಜಕ್ಕೆ ಊರಿಗೆ ಹೋದಾಗ ಅಪ್ಪನನ್ನು ಒಂದು ಮಾತು ಕೇಳಿರಿ: ‘ಅಪ್ಪಾ, ನೀನು ದುಡಿಯೋ ಜಾಗದ ಪುಸ್ತಕದಲ್ಲಿ ನಿನ್ನ ಹೆಸರೈತಾ?’ ಇಲ್ಲ ಅಂದರೆ, ಅದನ್ನು ಬರೆಸುವುದೇ ಈ ರಜದ ಕೆಲಸ.